ವಕೀಲರನ್ನು ಕೇಳಿ: ಭಾರತದ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರೆ ಕೇಸು ಬೇಗ ಮುಗಿಯುತ್ತಾ?

ಪ್ರಶ್ನೆ: ಸರ್, ನಮ್ಮ ತಾಯಿಯ ಹೆಸರಿನ ಎರಡೂವರೆ ಎಕರೆ ಜಮೀನಿನ ತಕರಾರು. ಕೆಳಗಿನ ಎರಡು ಕೋರ್ಟ್ ದಾಟಿ ಈಗ ಹೈಕೋರ್ಟಿನಲ್ಲಿ ಎರಡನೇ ಅಪೀಲು ಇದೆ. ಆರು ವರ್ಷ ಆಯಿತು. ಅಮ್ಮನಿಗೆ 74 ವರ್ಷ. ನೇರವಾಗಿ ದೆಹಲಿಗೆ, ಸಿಜೆಐಗೇ (ಭಾರತದ ಮುಖ್ಯ ನ್ಯಾಯಮೂರ್ತಿಗೇ) ಒಂದು ಪತ್ರ ಬರೆದರೆ ಹೇಗೆ? ಎಲ್ಲ ಜಡ್ಜ್‌ಗಳಿಗೂ ಅವರೇ ಬಾಸ್ ಅಲ್ವಾ?

ಉತ್ತರ: ಬಾಸ್ ಅಲ್ಲ. ಇಲ್ಲೇ ಎಲ್ಲರೂ ಎಡವುವುದು. ಜಿಲ್ಲಾಧಿಕಾರಿ ತಹಶೀಲ್ದಾರರನ್ನು ಕೇಳಿದ ಹಾಗೆ ಸಿಜೆಐ ಹೈಕೋರ್ಟ್ ಜಡ್ಜ್‌ಗೆ ಫೋನ್ ಮಾಡಿ "ಆ ಫೈಲ್ ಏನಾಯ್ತು" ಎಂದು ಕೇಳುವುದಿಲ್ಲ, ಕೇಳಲೂಬಾರದು. ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟ್ ಅಪೀಲಿನಲ್ಲಿ ಬದಲಿಸಬಹುದು. ಆದರೆ ಹೈಕೋರ್ಟಿನ ದಿನದ ಆಡಳಿತ ಆಯಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯದು.

ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡ ಉದಾಹರಣೆಗಳು ಇವೆ, ನಿಜ. ಅವು ಜೈಲು, ಜೀತ, ಇಂಥ ಸಾರ್ವಜನಿಕ ವಿಷಯಗಳವು. ಯಾವ ಪತ್ರ ತೆಗೆದುಕೊಳ್ಳಬೇಕು, ಯಾವುದು ಬೇಡ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಮಾರ್ಗಸೂಚಿ ಮಾಡಿಕೊಂಡಿದೆ. ಬೇಡದವುಗಳ ಪಟ್ಟಿಯಲ್ಲಿ ಒಂದು ಸಾಲು ನಿಮಗಾಗಿಯೇ ಬರೆದಂತಿದೆ: ಹೈಕೋರ್ಟ್ ಅಥವಾ ಕೆಳ ಕೋರ್ಟಿನ ಕೇಸನ್ನು ಬೇಗ ಕೇಳಿಸಿ ಎನ್ನುವ ಮನವಿ. ಅಂಚೆ ಖರ್ಚು ಉಳಿಸಿ.

ಪ್ರಶ್ನೆ (ಇನ್ನೊಬ್ಬರು): ಹಾಗಾದರೆ ಸಿಜೆಐ ಕೈಲಿ ಇರುವುದಾದರೂ ಏನು? ಸುಮ್ನೆ ದೊಡ್ಡ ಕುರ್ಚಿನಾ?

ಉತ್ತರ: ತೀರ್ಪಿನ ಹೊತ್ತಿಗೆ ಅವರದೂ ಒಂದೇ ಮತ. 2017ರ ತ್ರಿವಳಿ ತಲಾಖ್ ಕೇಸಿನಲ್ಲಿ ಐವರ ಪೀಠ 3-2 ಆಗಿ ಒಡೆಯಿತು. ಆಗ ಸಿಜೆಐ ಆಗಿದ್ದ ಜೆ.ಎಸ್. ಖೇಹರ್ ಅವರೇ ಸೋತ ಕಡೆಯಲ್ಲಿದ್ದರು.

ನಿಜವಾದ ಬಲ ಇರುವುದು ರೋಸ್ಟರಿನಲ್ಲಿ, ಅಂದರೆ ಕೇಸು ಹಂಚುವ ಪಟ್ಟಿಯಲ್ಲಿ. ಯಾವ ಕೇಸು ಯಾರ ಮುಂದೆ ಹೋಗಬೇಕು, ಪೀಠದಲ್ಲಿ ಇಬ್ಬರೋ ಮೂವರೋ ಐವರೋ, ಆ ಐವರು ಯಾರು, ಸಂವಿಧಾನ ಪೀಠ ಯಾವಾಗ ಕೂರಬೇಕು, ಇದೆಲ್ಲ ಸಿಜೆಐ ತೀರ್ಮಾನ. ಸುಪ್ರೀಂ ಕೋರ್ಟಿಗೆ ಮಂಜೂರಾದ ಜಡ್ಜ್‌ಗಳು ಸಿಜೆಐ ಸೇರಿ 34. ಎಲ್ಲರೂ ಒಟ್ಟಿಗೆ ಕೂತು ಕೇಸು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಯಾರು ಕೇಳುತ್ತಾರೆ ಎನ್ನುವುದೇ ಅರ್ಧ ಕಥೆ. ವಕೀಲರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಕಾಸ್ ಲಿಸ್ಟ್ (ಆ ದಿನ ಕೇಳುವ ಕೇಸುಗಳ ಪಟ್ಟಿ) ತೆಗೆದ ಕೂಡಲೇ ನಾವು ಮೊದಲು ನೋಡುವುದು ಬೆಂಚ್ ಯಾವುದು ಎಂದೇ!

2018ರ ಜನವರಿ 12 ನೆನಪಿದೆಯಾ? ಚೆಲಮೇಶ್ವರ್, ರಂಜನ್ ಗೊಗೊಯ್, ಮದನ್ ಲೋಕುರ್, ಕುರಿಯನ್ ಜೋಸೆಫ್, ನಾಲ್ವರು ಹಿರಿಯ ಜಡ್ಜ್‌ಗಳು ಪತ್ರಿಕಾಗೋಷ್ಠಿ ಕರೆದರು. ಅವರ ತಕರಾರಿನ ತಿರುಳು ಇದೇ, ಮಹತ್ವದ ಕೇಸುಗಳನ್ನು ಹಂಚುವ ರೀತಿ. ಆಗ ದೀಪಕ್ ಮಿಶ್ರಾ ಸಿಜೆಐ. ಅದೇ ವರ್ಷ ಈ ಅಧಿಕಾರವನ್ನು ಪ್ರಶ್ನಿಸಿದ ಅರ್ಜಿಗಳೂ ಬಂದವು. ರೋಸ್ಟರಿಗೆ ಸಿಜೆಐ ಒಬ್ಬರೇ ಒಡೆಯರು ಎಂದು ಕೋರ್ಟ್ ಹೇಳಿತು. ಅದನ್ನು ಕೊಲಿಜಿಯಂಗೆ, ಅಂದರೆ ಸಿಜೆಐ ಮತ್ತು ಹಿರಿಯ ಜಡ್ಜ್‌ಗಳ ಕೂಟಕ್ಕೆ ಬಿಡಬೇಕಿತ್ತು ಎನ್ನುವವರೂ ಇದ್ದಾರೆ. ನನಗೆ ಕೇಳಿದರೆ, ಒಬ್ಬರೇ ಹಂಚಲಿ, ಆದರೆ ಹೇಗೆ ಹಂಚಿದೆ ಎಂಬ ಕಾರಣ ಬರೆದಿಡಲಿ.

ಕೊಲಿಜಿಯಂ ಎರಡನೆಯ ಬಲ. ಸುಪ್ರೀಂ ಕೋರ್ಟಿಗೆ ಜಡ್ಜ್ ಬೇಕಾದಾಗ ಸಿಜೆಐ ಮತ್ತು ಉಳಿದವರಲ್ಲಿ ಹಿರಿಯರಾದ ನಾಲ್ವರು ಹೆಸರು ಸೂಚಿಸುತ್ತಾರೆ. ಹೈಕೋರ್ಟಿಗಾದರೆ ಸಿಜೆಐ ಜೊತೆ ಇಬ್ಬರು. ಇದನ್ನು ತೆಗೆದು ಆಯೋಗ ತರುವ ಕಾನೂನು ಬಂದಿತ್ತು. 2015ರಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು.

ಪ್ರಶ್ನೆ: ಸಿಜೆಐ ಆಯ್ಕೆಗೆ ಪರೀಕ್ಷೆ, ವೋಟು ಏನೂ ಇಲ್ವಾ? ಸುಪ್ರೀಂ ಕೋರ್ಟ್ ಜಡ್ಜ್ ನಾಗರತ್ನ ಮೇಡಂ ಬರೀ 36 ದಿನ ಸಿಜೆಐ ಆಗಿರ್ತಾರೆ ಅಂತ ಓದಿದೆ. ಅನ್ಯಾಯ ಅನಿಸಿತು.

ಉತ್ತರ: ಪರೀಕ್ಷೆಯೂ ಇಲ್ಲ, ವೋಟೂ ಇಲ್ಲ. ಇರುವುದು ಕ್ಯಾಲೆಂಡರ್! ನೇಮಿಸುವುದು ರಾಷ್ಟ್ರಪತಿ. ಆದರೆ ಈಗಿನವರು ನಿವೃತ್ತರಾಗುವ ಮುಂಚೆ ಕಾನೂನು ಸಚಿವಾಲಯ ಅವರನ್ನೇ ಮುಂದಿನ ಹೆಸರು ಕೇಳುತ್ತದೆ, ಅವರು ತಮ್ಮ ನಂತರದ ಹಿರಿಯರ ಹೆಸರು ಬರೆದು ಕಳಿಸುತ್ತಾರೆ. ಹಿರಿತನ ಎಂದರೆ ವಯಸ್ಸಲ್ಲ. ಸುಪ್ರೀಂ ಕೋರ್ಟಿನಲ್ಲಿ ಯಾರು ಮೊದಲು ಪ್ರಮಾಣವಚನ ತೆಗೆದುಕೊಂಡರು ಎನ್ನುವುದು. 65ಕ್ಕೆ ನಿವೃತ್ತಿ. ಇಷ್ಟು ವರ್ಷ ಎಂಬ ನಿಗದಿತ ಅವಧಿಯೇ ಇಲ್ಲ.

2021ರ ಆಗಸ್ಟ್ 31ರಂದು ಒಂಬತ್ತು ಜನ ಒಂದೇ ದಿನ ಪ್ರಮಾಣ ಮಾಡಿದರು. ವಿಕ್ರಮ್ ನಾಥ್ ಎರಡನೆಯವರು, ಬಿ.ವಿ. ನಾಗರತ್ನ ಐದನೆಯವರು. ವಿಕ್ರಮ್ ನಾಥ್ ಹುಟ್ಟಿದ್ದು 1962ರ ಸೆಪ್ಟೆಂಬರ್ 24, ನಾಗರತ್ನ ಅಕ್ಟೋಬರ್ 30. ವಿಕ್ರಮ್ ನಾಥ್ 65 ತುಂಬಿ ಇಳಿದ ಮೇಲೆ ನಾಗರತ್ನ ಅವರಿಗೆ 65 ತುಂಬುವವರೆಗೆ, ಆ ಎರಡು ಹುಟ್ಟುಹಬ್ಬಗಳ ನಡುವಿನ ಅಂತರವೇ 36 ದಿನ. ಪದ್ಧತಿಯಂತೆ ನಡೆದರೆ 2027ರ ಸೆಪ್ಟೆಂಬರ್ ಕೊನೆಗೆ ನಾಗರತ್ನ ದೇಶದ ಮೊದಲ ಮಹಿಳಾ ಸಿಜೆಐ. ಅವರ ತಂದೆ ಇ.ಎಸ್. ವೆಂಕಟರಾಮಯ್ಯ 1989ರಲ್ಲಿ ಆರು ತಿಂಗಳು ಸಿಜೆಐ ಆಗಿದ್ದರು. ನಮ್ಮ ಕರ್ನಾಟಕದವರೇ ಆದ ಎಸ್. ರಾಜೇಂದ್ರ ಬಾಬು ಅವರಿಗೆ 2004ರ ಮೇ ತಿಂಗಳು ಮಾತ್ರ ಸಿಕ್ಕಿತು, 30 ದಿನ. ಎಂ.ಎನ್. ವೆಂಕಟಾಚಲಯ್ಯ, ಎಚ್.ಎಲ್. ದತ್ತು ಅವರಿಗೆ ಒಂದು ವರ್ಷಕ್ಕಿಂತ ಜಾಸ್ತಿ. ವೈ.ವಿ. ಚಂದ್ರಚೂಡ್ ಅವರಿಗೆ ಏಳು ವರ್ಷಕ್ಕೂ ಮೀರಿ.

ಅನ್ಯಾಯ ಅನಿಸುವುದು ಸಹಜ. ಒಂದು ತಿಂಗಳಲ್ಲಿ ಕೋಣೆಯ ಬೀಗ ಎಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಬೀಳ್ಕೊಡುಗೆ ಸಮಾರಂಭ. ಆದರೆ ಪದ್ಧತಿ ಮುರಿದಾಗ ಏನಾಯಿತು ಎಂಬುದನ್ನೂ ನೋಡಿ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಹೂಡಿದ ಕೇಶವಾನಂದ ಭಾರತಿ ಕೇಸಿನ ತೀರ್ಪು ಬಂದದ್ದು 1973ರ ಏಪ್ರಿಲ್ 24ರಂದು, 7-6ರಲ್ಲಿ. ಸಂಸತ್ತು ಸಂವಿಧಾನದ ಮೂಲ ರಚನೆಯನ್ನು, ಅಂದರೆ ಅದರ ಬುನಾದಿ ತತ್ವಗಳನ್ನು ಮುಟ್ಟುವಂತಿಲ್ಲ ಎಂದು ಕೋರ್ಟ್ ಹೇಳಿತು. ಮರುದಿನವೇ ಮೂವರು ಹಿರಿಯರನ್ನು ದಾಟಿ ಸಿಜೆಐ ಹುದ್ದೆಗೆ ಎ.ಎನ್. ರೇ ಹೆಸರು ಹೊರಬಿತ್ತು. ದಾಟಿಸಿಕೊಂಡ ಶೆಲಾಟ್, ಹೆಗ್ಡೆ, ಗ್ರೋವರ್ ಮೂವರೂ ಬಹುಮತದ ಕಡೆಯವರು, ರೇ ಅಲ್ಪಮತದವರು. ಮೂವರೂ ರಾಜೀನಾಮೆ ಕೊಟ್ಟರು. ಅವರಲ್ಲಿ ಕೆ.ಎಸ್. ಹೆಗ್ಡೆ ನಮ್ಮ ಕಾರ್ಕಳ ಕಡೆಯವರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು, ಅದು ಬೇರೆ ಕಥೆ. ಅದೇ 1977ರಲ್ಲಿ ಎಚ್.ಆರ್. ಖನ್ನಾ ಅವರಿಗೂ ಹೀಗೇ ಆಯಿತು. ತುರ್ತು ಪರಿಸ್ಥಿತಿಯಲ್ಲಿ ಐವರ ಪೀಠದಲ್ಲಿ ಒಬ್ಬರೇ ಸರ್ಕಾರದ ವಿರುದ್ಧ ಬರೆದದ್ದು ಅವರು ಮಾಡಿದ ತಪ್ಪು. ಹಾಗಾಗಿ ಹಿರಿತನದ ಲೆಕ್ಕ ಪೆದ್ದು ಲೆಕ್ಕವಾದರೂ ನಾನು ಅದರ ಪರ. ಪ್ರಮಾಣ ಮಾಡಿ ಮುಗಿದ ದಿನಾಂಕಕ್ಕೂ ಹುಟ್ಟಿದ ದಿನಾಂಕಕ್ಕೂ ಆಮೇಲೆ ಯಾರೂ ಶಿಫಾರಸು ಹಚ್ಚಲು ಆಗುವುದಿಲ್ಲ.

ಪ್ರಶ್ನೆ: ಸಿಜೆಐ ಕಚೇರಿಗೆ ಆರ್‌ಟಿಐ ಹಾಕಬಹುದಾ?

ಉತ್ತರ: ಹಾಕಬಹುದು. 2019ರ ನವೆಂಬರ್ 13ರಂದು ಐವರ ಪೀಠವೇ ಹೇಳಿದೆ. ಕೇಳಿದ್ದೆಲ್ಲ ಸಿಗುತ್ತದೆ ಎಂದಲ್ಲ.

ಮೊದಲು ಕೇಳಿದವರು: ಸರ್, ಕಥೆ ಚೆನ್ನಾಗಿದೆ. ನಮ್ಮ ಅಮ್ಮನ ಕೇಸಿಗೆ ದಾರಿ?

ಉತ್ತರ: ಕ್ಷಮಿಸಿ, ಮಾತಿನ ಭರದಲ್ಲಿ ದೆಹಲಿಗೆ ಹೋಗಿಬಿಟ್ಟೆ. ನಿಮ್ಮ ವಕೀಲರಿಂದ ಹೈಕೋರ್ಟಿನಲ್ಲೇ ಬೇಗ ವಿಚಾರಣೆಗೆ ಅರ್ಜಿ ಹಾಕಿಸಿ. ತಾಯಿಯ ವಯಸ್ಸಿನ ದಾಖಲೆ, ಆರೋಗ್ಯ ಸರಿ ಇಲ್ಲದಿದ್ದರೆ ಡಾಕ್ಟರ ಚೀಟಿ ಜೊತೆಗಿರಲಿ. ಅಪೀಲು ಅಡ್ಮಿಟ್ ಆಗಿದೆಯಾ (ಕೋರ್ಟ್ ಅದನ್ನು ವಿಚಾರಣೆಗೆ ಒಪ್ಪಿಕೊಂಡಿದೆಯಾ), ಎದುರಿನವರಿಗೆಲ್ಲ ನೋಟಿಸ್ ತಲುಪಿದೆಯಾ ನೋಡಿ. ಎಷ್ಟೋ ಕೇಸು ನಿಂತಿರುವುದು ಜಡ್ಜ್ ಇಲ್ಲದೆ ಅಲ್ಲ, ತೀರಿಕೊಂಡ ಒಬ್ಬ ಪ್ರತಿವಾದಿಯ ಮಕ್ಕಳ ಹೆಸರು ಸೇರಿಸದೆ.

ಮೊದಲು ಕೇಳಿದವರು: ಈಗಿನ ವಕೀಲರ ಫೀಸೇ ಕಷ್ಟ ಆಗಿದೆ. ಉಚಿತ ಕಾನೂನು ನೆರವು ಕೇಳೋಣ ಅಂದರೆ ಅಮ್ಮನಿಗೆ ಪಿಂಚಣಿ ಬರುತ್ತೆ, ಆದಾಯ ಜಾಸ್ತಿ ಅಂತಾರೇನೋ.

ಉತ್ತರ: ಹೆಂಗಸರಿಗೆ ಆದಾಯದ ಮಿತಿ ಇಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲೇ ಇದೆ. ಹೈಕೋರ್ಟಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಅಥವಾ 15100ಕ್ಕೆ ಫೋನ್ ಮಾಡಿ ಕೇಳಿ. ಅಂದ ಹಾಗೆ, ಈ ವ್ಯವಸ್ಥೆಯ ರಾಷ್ಟ್ರೀಯ ಪ್ರಾಧಿಕಾರಕ್ಕೆ ಮಹಾಪೋಷಕರು ಸಿಜೆಐ ಅವರೇ. ಕೆಳ ಕೋರ್ಟಿನ ಎರಡೂ ತೀರ್ಪಿನ ನಕಲು, ಅಪೀಲು ನಂಬರ್, ತಾಯಿಯ ಆಧಾರ್ ಇಟ್ಟುಕೊಂಡು ಹೋಗಿ.