ಟರ್ಬೊ ಹಾಕಿದ ಹಳೆ ಜಿಪ್ಸಿ: ಬೆಲ್ ಹೌಸಿಂಗ್ ಕೆಳಗೆ ಆಯಿಲ್ ಹನಿ

ಪ್ರಶ್ನೆ: 1.3 ಲೀಟರ್ ಜಿಪ್ಸಿ ಎಂಜಿನ್‌ಗೆ ಹೊರಗಿನಿಂದ ಟರ್ಬೊ (ಗಾಳಿ ಒತ್ತಿ ಎಂಜಿನ್‌ಗೆ ತುಂಬುವ ಸಾಧನ) ಕೂರಿಸಿದೆ. ಗೇರ್‌ಬಾಕ್ಸ್ ಸೇರುವ ಕಡೆ, ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಕವಚ) ಕೆಳಗೆ ಆಯಿಲ್ ಹನಿಯುತ್ತೆ, ಬೂಸ್ಟ್ (ಟರ್ಬೊ ಒತ್ತಡ) ಬಂದಾಗ ಜಾಸ್ತಿ. ಗೇರ್‌ಬಾಕ್ಸ್ ಇಳಿಸಿ ರಿಯರ್ ಮೇನ್ ಸೀಲ್ (ಕ್ರ್ಯಾಂಕ್‌ಶಾಫ್ಟ್ ಹಿಂತುದಿಯ ಆಯಿಲ್ ಸೀಲ್) ಬದಲಿಸಬೇಕು ಅಂತಾರೆ ಮೆಕ್ಯಾನಿಕ್. ಇಳಿಸಲೇಬೇಕಾ?

ಉತ್ತರ 1: ಈಗಲೇ ಬೇಡ. ಇದರಲ್ಲಿ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಇರುವುದು ಎಂಜಿನ್ ಮೇಲ್ಭಾಗದ ಹೆಡ್‌ನ ಹಿಂತುದಿಯಲ್ಲಿ. ಅದರ ಓ-ರಿಂಗ್ (ರಬ್ಬರ್ ಬಳೆ) ಗಟ್ಟಿಯಾದರೆ ಆಯಿಲ್ ಬ್ಲಾಕ್‌ನ ಹಿಂಬದಿಯಲ್ಲಿ ಇಳಿದು ಬೆಲ್ ಹೌಸಿಂಗ್ ಸೇರುತ್ತೆ, ನೋಡಲು ಥೇಟ್ ಮೇನ್ ಸೀಲ್ ಲೀಕೇ. ಎಂಜಿನ್ ತಣ್ಣಗಿದ್ದಾಗ ಡಿಗ್ರೀಸರ್ ಹಾಕಿ ತೊಳೆದು, ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ (ಬೆಲ್ಟ್‌ಗೆ ತಾಗದಂತೆ) 15 ನಿಮಿಷ ಓಡಿಸಿ. ಪೌಡರ್ ಒದ್ದೆಯಾದ ಅತಿ ಮೇಲಿನ ಜಾಗ ಹುಡುಕಿ, ಲೀಕ್ ಶುರುವಾಗುವುದು ಅಲ್ಲೇ. ವಾಲ್ವ್ ಕವರ್ ಗ್ಯಾಸ್ಕೆಟ್‌ನ ಹಿಂಮೂಲೆಯನ್ನೂ ನೋಡಿ. ಡಿಸ್ಟ್ರಿಬ್ಯೂಟರ್ ಬಿಚ್ಚುವ ಮೊದಲು ಅದರ ಸ್ಥಾನಕ್ಕೆ ಗುರುತು ಹಾಕಿ. ಇಲ್ಲದಿದ್ದರೆ ಟೈಮಿಂಗ್ (ಕಿಡಿ ಹಾರುವ ಸಮಯ) ತಪ್ಪುತ್ತೆ.

ಉತ್ತರ 2: ಬೂಸ್ಟ್‌ನಲ್ಲಿ ಜಾಸ್ತಿ ಅಂದರೆ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಹೊಗೆಯನ್ನು ಇನ್‌ಟೇಕ್‌ಗೆ ವಾಪಸ್ ಬಿಡುವ ವಾಲ್ವ್) ಮೇಲೇ ನನ್ನ ಅನುಮಾನ. ಕಂಪನಿ ವಾಲ್ವ್ ಮಾಡಿದ್ದು ವ್ಯಾಕ್ಯೂಮ್‌ಗೆ, ಒತ್ತಡಕ್ಕಲ್ಲ. ಹೊರತೆಗೆದು, ಚೊಕ್ಕ ಟ್ಯೂಬ್ ಸಿಕ್ಕಿಸಿ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆ) ಕಡೆಯಿಂದ ಊದಿ. ಗಾಳಿ ದಾಟಿದರೆ ಬೂಸ್ಟ್ ನೇರ ಕ್ರ್ಯಾಂಕ್‌ಕೇಸ್‌ಗೆ (ಎಂಜಿನ್‌ನ ಕೆಳಭಾಗದ ಒಳಗೆ) ನುಗ್ಗಿ ಆಯಿಲನ್ನು ಸೀಲ್‌ಗಳಿಂದ ಹೊರತಳ್ಳುತ್ತಿದೆ. ಹೊಸ ಸೀಲ್ ಹಾಕಿದರೂ ಅದೇ ಪಾಡು. ಬೂಸ್ಟ್ ತಡೆಯುವ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿಸಿ. ಆಮೇಲೂ ಫಿಲ್ಲರ್ ಕ್ಯಾಪ್‌ನಿಂದ ಹೊಗೆ ಉಕ್ಕಿದರೆ ಪಿಸ್ಟನ್ ರಿಂಗ್ ಸವೆದಿರಬಹುದು, ಲೀಕ್‌ಡೌನ್ ಟೆಸ್ಟ್ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತೆ ಅಂತ ನೋಡುವ ಪರೀಕ್ಷೆ) ಮಾಡಿಸಿ.

ಉತ್ತರ 3: ಟರ್ಬೊದಿಂದ ಆಯಿಲ್ ವಾಪಸ್ ಇಳಿಯುವ ಡ್ರೈನ್ ಪೈಪನ್ನೂ ಮರೀಬೇಡಿ. ಎಲ್ಲೂ ಜೋತುಬೀಳದೆ ಇಳಿಜಾರಾಗಿ, ಸಂಪ್‌ನ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು.