ಸೂಪರ್ ಮಾರ್ಕೆಟ್‌ನವರ ಸ್ವಂತ ಪ್ಯಾಕೆಟ್ ತಗೋಬಹುದಾ? ಅತ್ತೆ ಒಪ್ತಿಲ್ಲ!

ಕುವೆಂಪುನಗರದ ಸೊಸೆ, ಮೈಸೂರು

ನಮಸ್ಕಾರ ಎಲ್ಲರಿಗೂ. ಮನೇಲಿ ಐದು ಜನ. ಮೊದಲೆಲ್ಲ ತಿಂಗಳ ಸಾಮಾನಿಗೆ ಬೀದಿ ಕೊನೆಯ ಶೆಟ್ಟರ ಅಂಗಡಿಗೆ ಚೀಟಿ ಕಳಿಸಿದ್ರೆ ಮುಗೀತಿತ್ತು. ಅವರು ವಯಸ್ಸಾಯ್ತು ಅಂತ ಹೋದ ದೀಪಾವಳಿಗೆ ಬಾಗಿಲು ಹಾಕಿದ್ರು. ಈಗ ದೊಡ್ಡ ಸೂಪರ್ ಮಾರ್ಕೆಟ್ಟೇ ಗತಿ. ಅಲ್ಲಿ ತೊಗರಿಬೇಳೆಯಿಂದ ಹಿಡಿದು ನೆಲ ಒರೆಸೋ ಫಿನಾಯಿಲ್ ತನಕ ಎಲ್ಲದರಲ್ಲೂ ಅವರದೇ ಹೆಸರಿನ ಪ್ಯಾಕೆಟ್ ಇಟ್ಟಿದಾರೆ, ಪಕ್ಕದಲ್ಲಿರೋ ಹೆಸರುವಾಸಿ ಕಂಪನಿದಕ್ಕಿಂತ ರೇಟು ಕಮ್ಮಿ.

ಹೋದ ತಿಂಗಳು ಬಿಲ್ಲು 7,840 ರೂಪಾಯಿ. ಈ ತಿಂಗಳು ಧೈರ್ಯ ಮಾಡಿ ಹತ್ತು ಹನ್ನೆರಡು ಐಟಂ ಅವರದೇ ತಗೊಂಡೆ, 6,910 ಆಯ್ತು. 930 ಉಳೀತು ಅಂತ ಖುಷಿಯಾಗಿ ಬಂದ್ರೆ ಅತ್ತೆ ಚೀಲ ಬಿಚ್ಚುತ್ತಾ ಬಿಚ್ಚುತ್ತಾ "ಇದೇನಮ್ಮ, ಹೆಸರು ದೆಸೆ ಇಲ್ಲದ್ದೆಲ್ಲ ತಂದಿದೀಯ" ಅಂದ್ರು.

ನಾನು ಕಂಡಿದ್ದು ಇಷ್ಟು. ಸಕ್ಕರೆ, ಚಿರೋಟಿ ರವೆ, ಗಟ್ಟಿ ಅವಲಕ್ಕಿ: ಯಾರಿಗೂ ಗೊತ್ತೇ ಆಗಲಿಲ್ಲ. ಪಾತ್ರೆ ಸೋಪು ನಾಲ್ಕೇ ದಿನಕ್ಕೆ ಡಬ್ಬೀಲಿ ಗಂಜಿ ಆಯ್ತು. ಕಾಫಿಪುಡೀದೇ ದೊಡ್ಡ ರಾಮಾಯಣ. ಡಿಕಾಕ್ಷನ್ ಇಳಿಯೋಕೆ ಮುಕ್ಕಾಲು ಗಂಟೆ, ಬಣ್ಣ ಮಾತ್ರ ಕಾಡಿಗೆ ಥರ. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು "ಯಾರಿಗಾದ್ರೂ ನೆಗಡಿಯಾಗಿದ್ಯಾ, ಕಷಾಯ ಮಾಡಿದೀಯಲ್ಲ" ಅಂದ್ರು. ಹುಳಿಪುಡಿ ಪ್ಯಾಕೆಟ್ ಇನ್ನೂ ಒಡೆದಿಲ್ಲ, ಭಯ.

ಇದಕ್ಕೆ ಏನಾದ್ರೂ ಲೆಕ್ಕಾಚಾರ ಇದೆಯಾ, ಇಲ್ಲಾ ಬರೀ ಅದೃಷ್ಟಾನಾ? ತಿಳಿದವರು ಹೇಳಿ.

---

ಹಳೇ ಗಲ್ಲಾಪೆಟ್ಟಿಗೆ, ದಾವಣಗೆರೆ

ತಾಯಿ, ನಾನು 31 ವರ್ಷ ಕಿರಾಣಿ ಅಂಗಡಿ ನಡೆಸಿದವನು. ಈಗ ಮಗ ಬೇರೆ ಕೆಲಸಕ್ಕೆ ಹೋದ, ಅಂಗಡಿ ಬಾಡಿಗೆಗೆ ಕೊಟ್ಟಿದೀನಿ. ಹಾಗಾಗಿ ಯಾರ ಪರವೂ ಮಾತಾಡಬೇಕಾಗಿಲ್ಲ.

ಸೂಪರ್ ಮಾರ್ಕೆಟ್‌ನವನು ಬೇಳೆ ಮಿಲ್ಲನ್ನೋ ಸಕ್ಕರೆ ಕಾರ್ಖಾನೆಯನ್ನೋ ಇಟ್ಟುಕೊಂಡು ಕೂತಿರೋದಿಲ್ಲ. ಮಿಲ್ಲಿನವನ ಹತ್ರ ತಗೊಂಡು ತನ್ನ ಹೆಸರಿನ ಪ್ಯಾಕೆಟ್‌ಗೆ ತುಂಬಿಸ್ತಾನೆ. ನಾವು ಮಾಡ್ತಿದ್ದದ್ದೂ ಅದೇ, ಮೂಟೆಯಿಂದ ಪೇಪರ್ ಪೊಟ್ಟಣಕ್ಕೆ. ಆದ್ರಿಂದ ಮುಂದಿನ ಹೆಸರು ನೋಡಬೇಡಿ, ಪ್ಯಾಕೆಟ್ ತಿರುಗಿಸಿ. ತಯಾರಿಸಿದವರು ಒಬ್ಬರು, ಮಾರುವವರು ಇನ್ನೊಬ್ಬರು ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತೆ. ವಿಳಾಸದ ಜೊತೆ ಆಹಾರ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ ಕೊಡೋ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರುತ್ತೆ. ಎಷ್ಟೋ ಸಲ ಹೆಸರುವಾಸಿ ಪ್ಯಾಕೆಟ್ಟೂ ಅಗ್ಗದ ಪ್ಯಾಕೆಟ್ಟೂ ಒಂದೇ ಕಾರ್ಖಾನೆಯಿಂದ ಬಂದಿರುತ್ತೆ. ಹಾಗಂತ ಒಳಗಿನ ಮಾಲೂ ಒಂದೇ ಅಂದ್ಕೋಬೇಡಿ. ಒಂದೇ ಅಡುಗೆಮನೇಲಿ ಮದುವೆ ಊಟಾನೂ ಆಗುತ್ತೆ, ಕೆಲಸದವರಿಗೆ ಅನ್ನ ಸಾರೂ ಆಗುತ್ತೆ.

ಒಂದೇ ವಸ್ತು ಇರೋ ಸಾಮಾನಿಗೆ, ಅಂದ್ರೆ ಸಕ್ಕರೆ, ರವೆ, ಅವಲಕ್ಕಿ, ಕಡ್ಲೆಬೇಳೆ, ಇವಕ್ಕೆಲ್ಲ ಹೆಸರಿಗೆ ದುಡ್ಡು ಕೊಡೋದು ದಂಡ. ಉಪ್ಪೂ ಅಷ್ಟೇ, ಅಯೋಡಿನ್ ಇರಬೇಕು ಅನ್ನೋ ನಿಯಮ ಎಲ್ಲರಿಗೂ ಒಂದೇ. ತೊಗರಿಬೇಳೆ ಮಾತ್ರ ಕಣ್ಣಿಂದ ನೋಡಿ ತಗೊಳ್ಳಿ. ತೀರಾ ಫಳಫಳ ಹೊಳೀತಿದ್ರೆ ಪಾಲಿಶ್ ಮಾಡಿದ್ದು. ಪ್ಯಾಕೆಟ್ ತಳದಲ್ಲಿ ನುಚ್ಚು, ಹಿಟ್ಟು ಕೂತಿದ್ರೆ ಬಿಟ್ಟುಬಿಡಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ, ಅಂದ್ರೆ ಆ ಊರಿನ ಹೆಸರಿಗೇ ಸರ್ಕಾರದ ಮಾನ್ಯತೆ, ಸಿಕ್ಕಿದೆ. ಆ ಬೇಳೆ ಬೇಯೋದೂ ರುಚೀನೂ ಬೇರೆ, ಅದಕ್ಕೆ ನಾಲ್ಕು ಕಾಸು ಜಾಸ್ತಿ ಕೊಟ್ರೂ ತಪ್ಪಿಲ್ಲ.

ಹುಳಿಪುಡಿಗೆ ಹಿಂದಿನ ಪಟ್ಟಿ ಓದಿ. ಯಾವುದು ತೂಕದಲ್ಲಿ ಹೆಚ್ಚೋ ಅದನ್ನೇ ಮೊದಲು ಬರೀಬೇಕು ಅಂತ ಕಾನೂನು. ಧನಿಯಾ, ಮೆಣಸಿನಕಾಯಿ ಮೊದಲಿದ್ರೆ ಸರಿ. ಉಪ್ಪು, ಅಕ್ಕಿಹಿಟ್ಟು ಮೇಲುಮೇಲೆ ಬಂದ್ರೆ ನೀವು ಧನಿಯಾ ರೇಟಲ್ಲಿ ಹಿಟ್ಟು ಕೊಳ್ತಿದೀರಿ. ಹಾಗೇ ಒಂದ್ಸಲ ಇಂಗಿನ ಡಬ್ಬೀನೂ ತಿರುಗಿಸಿ ಓದಿ, ದೊಡ್ಡ ಹೆಸರಿನದ್ದೇ ಆಗಲಿ. ಅಲ್ಲೂ ಹಿಟ್ಟಿನದೇ ಕಾರುಬಾರು, ನಗು ಬರುತ್ತೆ.

ಎಣ್ಣೆಯಲ್ಲಿ ಹುಷಾರು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ. ಈಗ ಅದೇ ಗಾತ್ರದ ಹಾಗೆ ಕಾಣೋ ಪ್ಯಾಕೆಟ್‌ನಲ್ಲಿ 850, 800 ಗ್ರಾಂ ಇರುತ್ತೆ. ಮೊನ್ನೆ ನಾನೇ ನೋಡಿದ್ದು: ಅಂಗಡಿಯವರದ್ದು 148 ರೂಪಾಯಿ, 850 ಗ್ರಾಂ. ಪಕ್ಕದ ಕಂಪನಿದು 155 ರೂಪಾಯಿ, 910 ಗ್ರಾಂ. ಕೆಜಿ ಲೆಕ್ಕಕ್ಕೆ ಮೊದಲನೇದು 174, ಎರಡನೇದು 170. ಅಗ್ಗದ್ದೇ ತುಟ್ಟಿ! ಗ್ರಾಂಗೆ ಇಷ್ಟು, ಕೆಜಿಗೆ ಇಷ್ಟು ಅಂತ ಪ್ಯಾಕೆಟ್ ಮೇಲೆ ಹಾಕಬೇಕು ಅನ್ನೋ ನಿಯಮ ಇದೆ. ಆದ್ರೆ ಅದು ಎಂಆರ್‌ಪಿ ಮೇಲಿನ ಲೆಕ್ಕ. ಡಿಸ್ಕೌಂಟ್ ಕಳೆದ ಮೇಲೆ ನೀವೇ ಭಾಗಿಸ್ಕೋಬೇಕು.

---

ಕಾಫಿ ಇಲ್ಲದೆ ಮಾತಿಲ್ಲ, ಚಿಕ್ಕಮಗಳೂರು

ಮೊದಲಿಗೆ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ನಾಲಿಗೆ ಸುಳ್ಳು ಹೇಳಿಲ್ಲ.

ಆ ಪ್ಯಾಕೆಟ್ ಎಸೆದಿಲ್ಲ ಅಂದ್ರೆ ತಂದು ಓದಿ. ಕಾಫಿ ಇಷ್ಟು ಶೇಕಡಾ, ಚಿಕೋರಿ ಇಷ್ಟು ಶೇಕಡಾ ಅಂತ ಬರೆದಿರಲೇಬೇಕು. ಕಾಫಿ-ಚಿಕೋರಿ ಮಿಶ್ರಣ ಅಂತ ಮಾರೋಕೆ ಕನಿಷ್ಠ ಶೇ. 51 ಕಾಫಿ ಇದ್ರೆ ಸಾಕು. ನಿಮ್ಮದು 53-47ರ ಆಸುಪಾಸು ಇರುತ್ತೆ ಅಂತ ನನ್ನ ಊಹೆ. ಚಿಕೋರಿ ಕಾಫಿಯೇ ಅಲ್ಲ, ಒಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೀತಾರೆ, ಹುರಿದು ಪುಡಿ ಮಾಡ್ತಾರೆ. ಬೆಲೆ ಕಾಫಿಗಿಂತ ಎಷ್ಟೋ ಕಮ್ಮಿ. ಬಣ್ಣ ಚೆನ್ನಾಗಿ ಬಿಡುತ್ತೆ, ನೀರು ಕುಡಿದು ಉಬ್ಬುತ್ತೆ, ಅದಕ್ಕೇ ಫಿಲ್ಟರ್ ಕಟ್ಟಿಕೊಂಡು ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯೋದು. ನೀವು ಮುಕ್ಕಾಲು ಗಂಟೆ ಅಂದಾಗಲೇ ನನಗೆ ಗೊತ್ತಾಯ್ತು.

ಚಿಕೋರಿ ಕೆಟ್ಟದ್ದು ಅಂತಲ್ಲ. ನಮ್ಮ ಮನೇಲೂ 80-20 ಹಾಕ್ತೀವಿ, ಹಾಲಿಗೆ ಹೊಂದುತ್ತೆ. ಆದ್ರೆ 80-20 ಪುಡಿ ಜೊತೆ 53-47ರ ರೇಟು ಹೋಲಿಸಿ "ಉಳೀತು" ಅನ್ನೋದು, ಹಾಲಿನ ಬದಲು ಮಜ್ಜಿಗೆ ತಂದು ಉಳೀತು ಅಂದಂಗೆ. ಅಂಗಡಿಯವರದ್ದೇ 80-20 ಸಿಕ್ಕಿದ್ರೆ ಆಗ ಹೋಲಿಸಿ. ನನ್ನ ಕೇಳಿದ್ರೆ ಎರಡೂ ಬೇಡ, ಕಣ್ಣೆದುರಿಗೇ ಪುಡಿ ಮಾಡಿಕೊಡೋ ಅಂಗಡಿ ಮೈಸೂರಲ್ಲಿ ಬೇಕಾದಷ್ಟಿವೆ. ವಾರಕ್ಕಾಗುವಷ್ಟೇ ತನ್ನಿ.

---

ಹುಬ್ಬಳ್ಳಿ ಅವ್ವ

ಅಕ್ಕಾರ, ಪಾತ್ರೆ ತಿಕ್ಕೂ ಸಾಬೂನು ಕರಗಿದ್ದಕ್ಕ ಅಂಗಡಿಯವ್ರನ್ನ ಬೈಯೂಕಿಂತ ಮೊದಲ ಡಬ್ಬಿ ತಳಕ್ಕ ತೂತು ಅದಾವೇನು ನೋಡ್ರಿ. ನಾನೂ ಮೂರು ತಿಂಗಳು ಬೈದು ಆಮ್ಯಾಲ ಜಾಳಿಗಿ ಡಬ್ಬಿ ತಂದೆ. ಸಾಬೂನು ಎರಡ ತುಂಡ ಮಾಡಿ, ಒಂದ ಒಣಗಾಕ ಇಡ್ತೀನಿ. ಅಗ್ಗದ್ದ ಈಗ ಎಂಟ ದಿನ ಬರ್ತದ.

ಮೈಗೆ ಹಚ್ಚೂ ಸಾಬೂನಿನ ಮಾತು ಬ್ಯಾರೆ. ಅದರ ಮ್ಯಾಲ ಟಿಎಫ್‌ಎಂ ಅಂತ ಬರದಿರ್ತಾರ, ಅಂದ್ರ ಕೊಬ್ಬಿನ ಅಂಶ ಎಷ್ಟೈತಿ ಅಂತ. ಶೇ. 76 ಮ್ಯಾಲ ಇದ್ರ ಗ್ರೇಡ್ 1, 70 ಇದ್ರ ಗ್ರೇಡ್ 2, 60 ಇದ್ರ ಗ್ರೇಡ್ 3. ಅದಕ್ಕೂ ಕಡಿಮಿ ಇದ್ದದ್ದನ್ನ ಬಾತಿಂಗ್ ಬಾರ್ ಅಂತ ಮಾರ್ತಾರ. ಟಿವ್ಯಾಗ ದಿನಾ ಬರೂ ದೊಡ್ಡ ಹೆಸರಿನ ಸಾಬೂನಿನ್ಯಾಗೂ ಬಾತಿಂಗ್ ಬಾರ್ ಅದಾವ್ರಿ, ಹಿಂದ ತಿರುಗಿಸಿ ನೋಡಿದ್ರ ಗೊತ್ತಾಗ್ತದ. ನಾ ಏನರ ಹೆಸರು ನೋಡಿ ತಗೊಳ್ಳೂದು ಅಂದ್ರ ಮೈಸೂರ್ ಸ್ಯಾಂಡಲ್ ಒಂದ. ಗ್ರೇಡ್ 1 ಐತಿ, ನಮ್ಮ ಸರ್ಕಾರದ್ದು, ಮತ್ತ ನಮ್ಮಪ್ಪ ಅದನ್ನ ತರ್ತಿದ್ದ. ಇದಕ್ಕ ಲೆಕ್ಕ ಕೇಳಬ್ಯಾಡ್ರಿ.

---

ಅರೆ ಜೋಡಿಸುವವ, ಬೆಂಗಳೂರು

ಇಂಥದ್ದೇ ಒಂದು ಅಂಗಡೀಲಿ ಎರಡು ವರ್ಷ ಸಾಮಾನು ಜೋಡಿಸೋ ಕೆಲಸ ಮಾಡಿದೀನಿ. ಒಂದೇ ಮಾತು. ಕಣ್ಣಿನ ಮಟ್ಟದ ಅರೇಲಿ ಅವರು ಖಾಲಿ ಮಾಡಬೇಕು ಅಂದ್ಕೊಂಡಿರೋದೇ ಇರುತ್ತೆ, ನಮಗೆ ಹಾಗೇ ಚಾರ್ಟ್ ಕೊಡ್ತಿದ್ರು. ಮಂಡಿ ಮಟ್ಟಕ್ಕೆ ಬಗ್ಗಿ ನೋಡಿ, ಅಲ್ಲೂ ಅದೇ ಸಾಮಾನು ಇನ್ನೊಂದು ರೇಟಿಗೆ ಇರುತ್ತೆ. ಆಮೇಲೆ ಆ 930 ರೂಪಾಯಿ ಉಳಿತಾಯದಲ್ಲಿ ಚೀಟೀಲಿ ಇಲ್ಲದ ಬಿಸ್ಕತ್ತು, ಚಿಪ್ಸು ಎಷ್ಟು ಬಂತು ಅಂತಾನೂ ಬಿಲ್ ತೆಗೆದು ನೋಡಿ ಮೇಡಂ.

---

ಕುವೆಂಪುನಗರದ ಸೊಸೆ, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಬಿಲ್ ತೆಗೆದು ನೋಡಿದೆ. ಬಿಸ್ಕತ್ತು, ಕುರುಕಲು ಸೇರಿ 260. ಹೇಳಬಾರದಿತ್ತು ನೀವು.

ಕಾಫಿ ಪ್ಯಾಕೆಟ್ ಓದಿದೆ. 55-45. ಸರ್, ಎರಡು ಅಂಕಿ ಅಷ್ಟೇ ತಪ್ಪಿದ್ದು. ಮಾವನವರು ಅಗ್ರಹಾರದ ಕಡೆ ಹೋಗಿ 80-20 ಪುಡಿ ಮಾಡಿಸ್ಕೊಂಡು ಬಂದ್ರು. ಮನೇಲಿ ಶಾಂತಿ.

ಹುಳಿಪುಡಿ ವಿಷಯಕ್ಕೆ ಭಾನುವಾರ ಒಂದು ಕಿತಾಪತಿ ಮಾಡಿದೆ. ಅಂಗಡಿಯವರ ಪುಡೀದು ಪಟ್ಟಿ ಓದಿದ್ರೆ ಧನಿಯಾ, ಮೆಣಸಿನಕಾಯಿ, ಕಡ್ಲೆಬೇಳೆ, ಹೀಗೇ ಸರಿಯಾಗಿತ್ತು. ಒಂದೇ ಕುಕ್ಕರ್ ಬೇಳೆ, ಒಂದೇ ನುಗ್ಗೇಕಾಯಿ, ಎರಡು ಪಾತ್ರೆ. ಒಂದಕ್ಕೆ ನಾವು ಯಾವಾಗಲೂ ಹಾಕೋ ಹೆಸರುವಾಸಿ ಪುಡಿ, ಇನ್ನೊಂದಕ್ಕೆ ಇದು. ಯಾವುದು ಯಾವುದು ಅಂತ ಹೇಳದೆ ಬಡಿಸಿದೆ. ಮಾವ, ಮಕ್ಕಳಿಗೆ ವ್ಯತ್ಯಾಸಾನೇ ಗೊತ್ತಾಗಲಿಲ್ಲ. ಅತ್ತೆ ಎರಡನ್ನೂ ಬೇರೆ ಬೇರೆ ಕಲಸಿ ತಿಂದು, ಅಗ್ಗದ್ದನ್ನೇ ತೋರಿಸಿ "ಇದು ನಮ್ಮ ಮಾಮೂಲಿ ಪುಡಿ, ಮೆಂತ್ಯದ ಘಮ ನೋಡು" ಅಂದ್ರು. ನಾನು ಬಾಯಿ ಮುಚ್ಕೊಂಡು ಇರಬೇಕಿತ್ತು, ಹೇಳಿಬಿಟ್ಟೆ. ಐದು ನಿಮಿಷ ಮಾತಿಲ್ಲ. ಆಮೇಲೆ "ಇವತ್ತು ನುಗ್ಗೇಕಾಯಿ ಎಳೇದಿತ್ತು, ಅದಕ್ಕೆ" ಅಂದ್ರು.

ಸಂಜೆ ನೋಡ್ತೀನಿ, ಆ ಪ್ಯಾಕೆಟ್ ಖಾಲಿ. ಪುಡಿಯೆಲ್ಲ ಹಳೇ ಕಂಪನಿ ಡಬ್ಬಿಗೆ ಸುರಿದು ಮುಚ್ಚಳ ಹಾಕಿಟ್ಟಿದಾರೆ.