ಅಪ್‌ಡೇಟ್: ಜಾಝ್ ಬಾಸ್‌ನ ತೆಳು ಸದ್ದಿಗೆ ಕಾರಣ ಸಿಕ್ಕಿತು

ನನ್ನ ಜಾಝ್ ಬಾಸ್ ಗಿಟಾರ್‌ನ ನೆಕ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಆಯಸ್ಕಾಂತ-ಸುರುಳಿಗಳಲ್ಲಿ ಕುತ್ತಿಗೆ ಕಡೆಯದು) ಬದಲಾಯಿಸಿದ ಮೇಲೆ ಎರಡು ಪಿಕಪ್‌ಗಳ ವಾಲ್ಯೂಮ್ ಪೂರ್ತಿ ತೆರೆದರೆ ಸದ್ದು ತೆಳುವಾಗುತ್ತದೆ, ಒಂದೊಂದೇ ಆದರೆ ಸರಿಯಿದೆ ಅಂತ ಕೇಳಿದ್ದೆ. ಪಿಕಪ್ ಸತ್ತಿದೆ ಅಂದವರೂ ಇದ್ದರು. ಸತ್ತಿರಲಿಲ್ಲ. ಮಲ್ಟಿಮೀಟರ್‌ನಲ್ಲಿ ಎರಡೂ 7ರಿಂದ 8 ಕಿಲೋಓಮ್ ತೋರಿಸಿದವು. ಈ ಬಗೆಯ ಪಿಕಪ್‌ಗೆ ಅದು ಮಾಮೂಲಿ.

ತೊಂದರೆ ಇದ್ದದ್ದು ಫೇಸ್‌ನಲ್ಲಿ. ಒಂದು ಪಿಕಪ್‌ನ ಅಲೆ ಮೇಲೇರುವಾಗ ಇನ್ನೊಂದರದು ಕೆಳಗಿಳಿಯುತ್ತಿತ್ತು. ಆಗ ತಗ್ಗಿನ ಸ್ವರಗಳೇ ಜಾಸ್ತಿ ಅಳಿಸಿಹೋಗುತ್ತವೆ, ಉಳಿಯುವುದು ಬರೀ ಮೂಗಿನ ದನಿ. ಒಂದು ವಾಲ್ಯೂಮ್ ಸ್ವಲ್ಪ ಇಳಿಸಿದರೆ ತಗ್ಗಿನ ದನಿ ವಾಪಸ್ ಬರುತ್ತಿತ್ತಲ್ಲ, ಅದೇ ಸುಳಿವು.

ಪಿಕಪ್‌ಗಳ ಆಯಸ್ಕಾಂತಕ್ಕೆ ದಿಕ್ಸೂಚಿ ಹಿಡಿದು ನೋಡಿದೆ. ಒಂದರ ಮೇಲ್ಭಾಗ ಉತ್ತರ ಧ್ರುವ, ಇನ್ನೊಂದರದು ದಕ್ಷಿಣ. ಧ್ರುವ ವಿರುದ್ಧವಿದ್ದರೆ ಸುತ್ತೂ ವಿರುದ್ಧವಿರಬೇಕು, ಹಾಗಾಗಿ ಹೊಸ ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿ ಬೆಸುಗೆ ಹಾಕಿದೆ. ಸದ್ದು ದಪ್ಪಗಾಯಿತು! ಜೊತೆಗೆ ಎರಡೂ ಪೂರ್ತಿ ತೆರೆದಾಗ ಬರುತ್ತಿದ್ದ ಹಮ್ (ಗುಂಯ್ ಅನ್ನುವ ಸದ್ದು) ಕೂಡ ಹೋಯಿತು. ಆಯಸ್ಕಾಂತದ ಧ್ರುವ, ಸುರುಳಿಯ ಸುತ್ತು ಎರಡೂ ಒಂದಕ್ಕೊಂದು ವಿರುದ್ಧವಾಗಿರುವ ಜೋಡಿಯ ಲಾಭ ಅದು. ಒಂದನ್ನೇ ತೆರೆದರೆ ಹಮ್ ಇದ್ದೇ ಇರುತ್ತದೆ, ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಅಲ್ವಾ.

ನಿಮ್ಮ ಪಿಕಪ್‌ನ ಲೋಹದ ಕವಚ ಗ್ರೌಂಡ್ ವೈರ್‌ಗೆ ಸೇರಿದ್ದರೆ ಸುಮ್ನೆ ವೈರ್ ಬದಲಾಯಿಸಬೇಡಿ. ಮೊದಲು ಕವಚದ ಜೋಡಣೆ ಬಿಡಿಸಿ, ಅದಕ್ಕೆ ಬೇರೆ ಗ್ರೌಂಡ್ ಕೊಡಿ.